ಹೊಸಬರಿಗೆ ಮಾರ್ಗದರ್ಶಿ: ಮನೆಯಲ್ಲೇ ಕೂತು ಕಮ್ಯುನಿಟಿ ಕಾಲೇಜು

ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಬಂದ ಹೊಸದರಲ್ಲಿ ನಮ್ಮ ಕನ್ನಡ ಕೂಟದ ಹೆಣ್ಣುಮಕ್ಕಳು ಕೇಳುವ ಮೊದಲ ಪ್ರಶ್ನೆ ಇದು: “ಅಕ್ಕಾ, ನಾನು ಎಚ್-4ನಲ್ಲಿ ಬಂದಿದ್ದೀನಿ, ಓದಬಹುದಾ?” ಎಚ್-4 ಅಂದರೆ ಎಚ್-1ಬಿಯಂಥ ಕೆಲಸದ ವೀಸಾದಲ್ಲಿರುವವರ ಸಂಗಾತಿಗೆ, ಮಕ್ಕಳಿಗೆ ಸಿಗುವ ವೀಸಾ. ಅದರಲ್ಲಿ ಧಾರಾಳವಾಗಿ ಓದಬಹುದು. ಅದಕ್ಕಾಗಿ ವಿದ್ಯಾರ್ಥಿಗಳ ಎಫ್-1 ವೀಸಾ ಮಾಡಿಸಬೇಕಿಲ್ಲ. ಇಎಡಿ ಎಂಬ ಕೆಲಸದ ಪರವಾನಗಿ ಬೇಕಾಗುವುದು ಕೆಲಸಕ್ಕೆ, ಓದಿಗಲ್ಲ. ಆದರೆ ಸಂಬಳ ಕೊಡುವ ಇಂಟರ್ನ್‌ಶಿಪ್ ಕೆಲಸದ ಲೆಕ್ಕಕ್ಕೇ ಬರುತ್ತದೆ, ಅದನ್ನು ನೆನಪಿಡಿ.

ನಮ್ಮ ಸುತ್ತಮುತ್ತ ಇರುವ ಕಮ್ಯುನಿಟಿ ಕಾಲೇಜುಗಳು, ಅಂದರೆ ಕಡಿಮೆ ಶುಲ್ಕದ ಎರಡು ವರ್ಷದ ಸರ್ಕಾರಿ ಕಾಲೇಜುಗಳು, ಇವು: ಕುಪರ್ಟಿನೋದಲ್ಲಿ ಡಿ ಆಂಜಾ, ಲಾಸ್ ಆಲ್ಟೋಸ್ ಹಿಲ್ಸ್‌ನಲ್ಲಿ ಫುಟ್‌ಹಿಲ್, ಸಾಂಟಾ ಕ್ಲಾರಾದಲ್ಲಿ ಮಿಷನ್, ಸಾರಟೋಗಾದಲ್ಲಿ ವೆಸ್ಟ್ ವ್ಯಾಲಿ, ಫ್ರೀಮಾಂಟ್‌ನಲ್ಲಿ ಓಲೋನಿ. ಎಲ್ಲಕ್ಕೂ ಸಿಸಿಸಿಅಪ್ಲೈ ಎಂಬ ಒಂದೇ ತಾಣದಲ್ಲಿ ಅರ್ಜಿ, ಅದಕ್ಕೆ ದುಡ್ಡಿಲ್ಲ. 18 ತುಂಬಿದ್ದರೆ ಸಾಕು, ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯೂ ಬೇಡ. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೆ ಇಲ್ಲ ಎಂದು ಗುರುತು ಹಾಕಿ ಮುಂದೆ ಹೋಗಿ. ಈಚೆಗೆ ಸುಳ್ಳು ಅರ್ಜಿಗಳ ಹಾವಳಿ ಹೆಚ್ಚಿರುವುದರಿಂದ ಕಾಲೇಜಿನವರು ಗುರುತಿನ ಪುರಾವೆ ಕೇಳಿ ಇಮೇಲ್ ಕಳಿಸುವುದುಂಟು. ಅದು ಸ್ಪ್ಯಾಮ್‌ನಲ್ಲಿ ಬಿದ್ದಿರಬಹುದು, ದಿನಾ ಒಮ್ಮೆ ನೋಡಿ.

ದುಡ್ಡಿನ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಸೆಮಿಸ್ಟರ್ ಕಾಲೇಜಿನಲ್ಲಿ ಯೂನಿಟ್‌ಗೆ (ಕೋರ್ಸಿನ ಗಾತ್ರದ ಅಳತೆ) 46 ಡಾಲರ್. 3 ಯೂನಿಟ್ಟಿನ ಒಂದು ಕೋರ್ಸಿಗೆ 138. ನಿವಾಸಿಯಲ್ಲದವರಿಗೆ ಅದರ ಮೇಲೆ ಯೂನಿಟ್‌ಗೆ ಇನ್ನೂ 300 ಡಾಲರಿಗೂ ಹೆಚ್ಚು ಬೀಳುತ್ತದೆ, ಅಂದರೆ ಅದೇ ಕೋರ್ಸು ಸಾವಿರ ದಾಟುತ್ತದೆ. ಎಚ್-4ನವರೂ ನಿವಾಸಿ ಎನಿಸಿಕೊಳ್ಳಬಹುದು. ಆದರೆ ಟರ್ಮ್ ಶುರುವಾಗುವ ಹಿಂದಿನ ದಿನಕ್ಕೆ ನೀವು ಇಲ್ಲಿಗೆ ಬಂದು ನೆಲೆಸಿ ಒಂದು ವರ್ಷದ ಮೇಲೆ ಒಂದು ದಿನ ಆಗಿರಬೇಕು, ಅದಕ್ಕೆ ಕಾಗದವೂ ಇರಬೇಕು. ನಮ್ಮವರು ಎಡವುವುದು ಇಲ್ಲೇ. ಮನೆ ಬಾಡಿಗೆ ಕರಾರು, ಕರೆಂಟ್ ಬಿಲ್, ಬ್ಯಾಂಕ್ ಖಾತೆ ಎಲ್ಲವೂ ಯಜಮಾನರ ಹೆಸರಲ್ಲಿ. ವರ್ಷವಾದ ಮೇಲೆ ಹೆಂಡತಿ ಇಲ್ಲೇ ಇದ್ದರು ಅನ್ನುವುದಕ್ಕೆ ಒಂದು ಚೀಟಿಯೂ ಸಿಗುವುದಿಲ್ಲ. ಆದ್ದರಿಂದ ಬಾಡಿಗೆ ಕರಾರಿಗೆ ಸಹಿ ಹಾಕುವ ದಿನವೇ ಇಬ್ಬರ ಹೆಸರೂ ಸೇರಿಸಿ. ಡ್ರೈವಿಂಗ್ ಲೈಸೆನ್ಸ್ ಬೇಗ ಮಾಡಿಸಿ. ಇದನ್ನು ಬಂದ ವಾರದಲ್ಲೇ ಯಾರಾದರೂ ನಮಗೆ ಹೇಳಿದ್ದರೆ ಎಂದು ಎಷ್ಟೋ ಜನ ಹಳಹಳಿಸಿದ್ದಾರೆ.

ಒಂದು ವರ್ಷ ತುಂಬುವ ತನಕ ಸುಮ್ಮನೆ ಕೂರಬೇಕಿಲ್ಲ. ನಾನ್‌ಕ್ರೆಡಿಟ್, ಅಂದರೆ ಡಿಗ್ರಿಯ ಲೆಕ್ಕಕ್ಕೆ ಸೇರದ, ಇಂಗ್ಲಿಷ್ ತರಗತಿಗಳು ಉಚಿತ. ಕನ್ನಡ ಮಾಧ್ಯಮದಲ್ಲಿ ಓದಿದವರು ಅಲ್ಲಿಂದ ಶುರು ಮಾಡಿದರೆ ಮಾತಿಗೆ ಧೈರ್ಯ ಬರುತ್ತದೆ. ಪ್ರಿಸ್ಕೂಲ್ ಟೀಚರ್ ಆಗುವ ಆಸೆ ಇದ್ದವರಿಗೆ ಬಾಲಶಿಕ್ಷಣದ 12 ಯೂನಿಟ್ ಬೇಕು, ಜೊತೆಗೆ ಅನುಭವ. ಡಿಗ್ರಿಗೇ ಸೇರುವವರು ಊರಿನ ಅಂಕಪಟ್ಟಿಗಳನ್ನು ಇಲ್ಲಿನ ಮೌಲ್ಯಮಾಪನ ಸಂಸ್ಥೆಗೆ ಕಳಿಸಬೇಕಾಗುತ್ತದೆ. ಒಂದೆರಡು ಕೋರ್ಸು ಸಾಕೆನ್ನುವವರು ಸಾಮಾನ್ಯವಾಗಿ ಆ ಖರ್ಚಿಗೆ ಹೋಗಬೇಕಿಲ್ಲ.

ಇನ್ನು ಆನ್‌ಲೈನ್ ತರಗತಿ. ನನಗೇ ಆದದ್ದನ್ನು ಹೇಳಿಬಿಡುತ್ತೇನೆ. ಮೊದಲ ಟರ್ಮಿನಲ್ಲಿ ಅಕೌಂಟಿಂಗ್ ತೆಗೆದುಕೊಂಡಿದ್ದೆ. ಸೋಮವಾರ ಶುರು. ಆ ವಾರ ಮಗನಿಗೆ ಜ್ವರ. ಆನ್‌ಲೈನ್ ತಾನೇ, ಶನಿವಾರ ಕೂತು ಎಲ್ಲ ಮುಗಿಸಿದರಾಯಿತು ಅಂದುಕೊಂಡೆ. ಶನಿವಾರ ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು ಆನ್‌ಲೈನ್ ತರಗತಿ ನಡೆಯುವ ಕ್ಯಾನ್ವಾಸ್ ತಾಣ ತೆಗೆದರೆ ಕೋರ್ಸಿನ ಚೌಕವೇ ಕಾಣಲಿಲ್ಲ. ಗುರುವಾರದೊಳಗೆ ನಾಲ್ಕು ಸಾಲು ನಿಮ್ಮ ಪರಿಚಯ ಬರೆಯಿರಿ ಎಂಬ ಡಿಸ್ಕಷನ್ ಇತ್ತು. ಬರೆಯದವರನ್ನು ತರಗತಿಗೆ ಬಾರದವರೆಂದು ತೆಗೆದುಹಾಕಿ, ವೇಯ್ಟ್‌ಲಿಸ್ಟಿನಲ್ಲಿದ್ದವರಿಗೆ ಜಾಗ ಕೊಟ್ಟಿದ್ದರು. ಮೂರು ತಿಂಗಳು ಕಾದೆ. ಹಾಗಾಗಿ ಮೊದಲ ದಿನವೇ ಲಾಗಿನ್ ಆಗಿ, ಆ ನಾಲ್ಕು ಸಾಲು ಬರೆದುಬಿಡಿ. ಮನೆಯಲ್ಲಿ ಕಷ್ಟವಿದ್ದರೆ ಮೇಷ್ಟ್ರಿಗೆ ಎರಡು ಸಾಲು ಇಮೇಲ್ ಮಾಡಿ. ನಮ್ಮೂರಿನ ಹಾಗೆ ಸಂಕೋಚ ಬೇಡ, ಇಲ್ಲಿ ಕೇಳಿದವರಿಗೆ ಸಹಾಯ ಸಿಗುತ್ತದೆ.

ಅಸಿಂಕ್ರೊನಸ್ ಅಂದರೆ ನಿಗದಿತ ವೇಳೆಗೆ ಕೂರಬೇಕಿಲ್ಲ. ಆದರೂ ಪ್ರತಿ ವಾರ ಗಡುವು ಇದ್ದೇ ಇರುತ್ತದೆ, ಹೆಚ್ಚಾಗಿ ಭಾನುವಾರ ರಾತ್ರಿ 11:59. ಬೇಸಿಗೆಯಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದ ಓದುವವರಿಗೆ ಅದು ಸೋಮವಾರ ಮಧ್ಯಾಹ್ನ 12:29. ಟಿಕೆಟ್ ಮಾಡಿಸುವ ಮುನ್ನ ಪರೀಕ್ಷೆ ಕ್ಯಾಂಪಸ್ಸಿನಲ್ಲೋ ಮನೆಯಿಂದಲೋ ಎಂದು ಸಿಲಬಸ್‌ನಲ್ಲಿ ನೋಡಿಕೊಳ್ಳಿ. ಕೋರ್ಸು ಬಿಡುವುದಾದರೆ ಹಣ ವಾಪಸ್ ಬರುವ ದಿನಾಂಕದೊಳಗೇ ಬಿಡಿ. ಡಿ ಆಂಜಾ, ಫುಟ್‌ಹಿಲ್ ಎರಡೂ 12 ವಾರದ ಕ್ವಾರ್ಟರ್ ಕಾಲೇಜುಗಳು, ಅಲ್ಲಿ ಆ ದಿನಾಂಕ ಬಹಳ ಬೇಗ ಬಂದುಬಿಡುತ್ತದೆ.

ಅರ್ಜಿ ತುಂಬಲು ಜೊತೆ ಬೇಕೆನಿಸಿದರೆ ಪಾಸ್‌ಪೋರ್ಟ್, ಐ-94 (ಅಮೆರಿಕಾಗೆ ಬಂದ ದಾಖಲೆ), ಬಾಡಿಗೆ ಕರಾರು ಹಿಡಿದು ಕೂಟದ ಯಾವುದಾದರೂ ಕಾರ್ಯಕ್ರಮಕ್ಕೆ ಬನ್ನಿ. ಲ್ಯಾಪ್‌ಟಾಪ್ ನಾವು ತರುತ್ತೇವೆ. ಮಕ್ಕಳನ್ನೂ ಕರೆದುಕೊಂಡು ಬನ್ನಿ, ನೋಡಿಕೊಳ್ಳಲು ಅಲ್ಲಿ ಜನ ಇರುತ್ತಾರೆ.