ಹನ್ನೊಂದು ಸಾಲಿನ ದೂರು

2020ರ ಗ್ರಾಮ ಪಂಚಾಯತಿ ಚುನಾವಣೆ ಉಡುಪಿ ಜಿಲ್ಲೆಯಲ್ಲಿ ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ನಡೆಯಿತು. ನಮ್ಮೂರಿನದು ಮೊದಲ ಹಂತ. 18ರ ಶುಕ್ರವಾರ ಸಂಜೆ ನಾನು ಜಗಲಿಯಲ್ಲಿ ಕುಳಿತಿದ್ದಾಗ ಪರಿಚಯದ ಹುಡುಗನೊಬ್ಬ ಬೈಕು ನಿಲ್ಲಿಸಿ ಬಂದು, ಬಸ್ ಟಿಕೇಟಿನಷ್ಟು ದೊಡ್ಡದಾದ ಗುಲಾಬಿ ಬಣ್ಣದ ಚೀಟಿಯೊಂದನ್ನು ಕೈಗಿತ್ತ. "ಮಾಷ್ಟ್ರೆ, ಇದನ್ನ ಅಂಗ್ಡಿಯಂಗೆ ಕೊಟ್ರ್ ಸಾಕ್. ಒಂದ್ ವೋಟ್ ನಮ್ಮವ್ರಿಗ್ ಇರ್ಲಿ" ಎಂದು ಹೇಳಿ ಹೊರಟುಹೋದ. ಚೀಟಿಯಲ್ಲಿ ಹಸಿರು ಶಾಯಿಯಿಂದ ಬರೆದ 47 ಎಂಬ ಸಂಖ್ಯೆಯೂ ಮೂಲೆಯಲ್ಲಿ ಅಂಗಡಿಯೊಂದರ ರಬ್ಬರ್ ಮೊಹರೂ ಇದ್ದವೇ ಹೊರತು ಅಭ್ಯರ್ಥಿಯ ಹೆಸರಾಗಲಿ ಚಿಹ್ನೆಯಾಗಲಿ ಇರಲಿಲ್ಲ. ಅದನ್ನು ತೋರಿಸಿದರೆ ಹತ್ತು ಕೆ.ಜಿ. ಕುಚ್ಚಲಕ್ಕಿ ಮತ್ತು ಒಂದು ಲೀಟರ್ ತೆಂಗಿನೆಣ್ಣೆ ಸಿಗುತ್ತದೆ ಎಂಬುದನ್ನು, ಆಗಲೇ ತಂದು ಇಟ್ಟುಕೊಂಡಿದ್ದ ಪಕ್ಕದ ಮನೆಯ ಅಕ್ಕ ಹೇಳಿದರು.

ಹೈಸ್ಕೂಲು ಅಧ್ಯಾಪಕನಾಗಿದ್ದ ಕಾಲದಲ್ಲಿ ಹಲವು ಚುನಾವಣೆಗಳಲ್ಲಿ ಮತಗಟ್ಟೆ ಅಧಿಕಾರಿಯಾಗಿ ಕೆಲಸ ಮಾಡಿದ್ದರಿಂದ ನನಗೆ ಎಲ್ಲವೂ ತಿಳಿದಿದೆ ಎಂಬ ಭಾವನೆ ಇತ್ತು. ಮತಗಟ್ಟೆಯ ಒಳಗಿನ ನಿಯಮಗಳು ತಿಳಿದಿದ್ದವು ನಿಜ. ಹೊರಗೆ ನಡೆಯುವುದನ್ನು ಯಾರಿಗೆ, ಹೇಗೆ ಹೇಳಬೇಕು ಎಂಬುದು ಮಾತ್ರ ತಿಳಿದಿರಲಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಮಗ ನನ್ನ ಮೊಬೈಲಿಗೆ ಹಾಕಿಕೊಟ್ಟಿದ್ದ, ಚುನಾವಣಾ ಅಕ್ರಮದ ದೂರು ಕೊಡುವ ಸಿ-ವಿಜಿಲ್ ಆ್ಯಪ್ ತೆರೆದು ಅರ್ಧ ಗಂಟೆ ಕಳೆದೆ. ಅದು ಭಾರತ ಚುನಾವಣಾ ಆಯೋಗದ್ದು, ಲೋಕಸಭೆ ಮತ್ತು ವಿಧಾನಸಭೆಯ ಚುನಾವಣೆಗಳಿಗಾಗಿ ಮಾಡಿದ್ದು. ಪಂಚಾಯತಿ ಚುನಾವಣೆಯನ್ನು ನಡೆಸುವುದು ಸಂವಿಧಾನದ 243ಕೆ ವಿಧಿಯಂತೆ ರಚಿತವಾದ ರಾಜ್ಯ ಚುನಾವಣಾ ಆಯೋಗ. ಅದರ ಪರವಾಗಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ, ತಾಲ್ಲೂಕಿನಲ್ಲಿ ತಹಶೀಲ್ದಾರ್, ಪ್ರತಿ ಪಂಚಾಯತಿಗೆ ಒಬ್ಬ ಚುನಾವಣಾಧಿಕಾರಿ ಇರುತ್ತಾರೆ. ನನ್ನ ದೂರು ಹೋಗಬೇಕಾಗಿದ್ದದ್ದು ಈ ಮೂವರಿಗೆ.

ರಾತ್ರಿ ಕುಳಿತು ಮೂರು ಪುಟದ ದೂರು ಬರೆದೆ. ಮರುದಿನ ಬೆಳಿಗ್ಗೆ ಉಡುಪಿಯಲ್ಲಿ ವಕೀಲನಾಗಿರುವ ನನ್ನ ಹಳೆಯ ವಿದ್ಯಾರ್ಥಿಗೆ ತೋರಿಸಿದಾಗ, ನಾನು ಒಂದು ಕಾಲದಲ್ಲಿ ಅವನ ಉತ್ತರ ಪತ್ರಿಕೆಯ ಮೇಲೆ ಎಳೆಯುತ್ತಿದ್ದಂತೆಯೇ ಅವನು ಕೆಂಪು ಗೆರೆ ಎಳೆಯತೊಡಗಿದ. ಪ್ರಜಾಪ್ರಭುತ್ವದ ಕುರಿತ ಪೀಠಿಕೆ ಹೋಯಿತು. ಅಭ್ಯರ್ಥಿಯ ಕುಟುಂಬದ ಹಿಂದಿನ ವ್ಯವಹಾರಗಳು ಹೋದವು. "ಸರ್, 'ನಮ್ಮವರು' ಅಂದರೆ ಯಾರು ಎಂದು ಆ ಹುಡುಗ ಹೇಳಿದನೇ?" ಎಂದು ಕೇಳಿದ. ಹೇಳಿರಲಿಲ್ಲ. ನಮ್ಮ ವಾರ್ಡಿನಲ್ಲಿ ಮೂರು ಸ್ಥಾನಗಳು, ಒಬ್ಬ ಮತದಾರನಿಗೆ ಮೂರು ಮತಗಳು. ಪಕ್ಷದ ಚಿಹ್ನೆ ಇಲ್ಲದ ಚುನಾವಣೆ. ಊರಿಗೆಲ್ಲ ಗೊತ್ತಿದ್ದ ಹೆಸರಾದರೂ ನಾನು ಕಿವಿಯಾರೆ ಕೇಳಿರಲಿಲ್ಲವಾದ್ದರಿಂದ ಅದನ್ನೂ ಹೊಡೆದುಹಾಕಿದ. ಪಕ್ಕದ ಮನೆಯ ಅಕ್ಕನ ವಿಷಯವನ್ನು ನಾನೇ ತೆಗೆಸಿದೆ. ಹಿಂದಿನ ಸಂಜೆಯೇ ಅವರು "ನನ್ ಹೆಸ್ರ್ ಎಲ್ಲೂ ಬಪ್ಪುಕಾಗ" ಎಂದು ಕೈ ಹಿಡಿದು ಹೇಳಿದ್ದರು. ಲಂಚ ಕೊಡುವುದಷ್ಟೇ ಅಲ್ಲ, ಮತಕ್ಕಾಗಿ ಪಡೆಯುವುದೂ ಭಾರತೀಯ ದಂಡ ಸಂಹಿತೆಯ 171ಬಿ ಕಲಮಿನಲ್ಲಿ ಅಪರಾಧವೇ ಆಗಿದ್ದುದರಿಂದ ಅವರ ಹೆದರಿಕೆಯಲ್ಲಿ ತಪ್ಪಿರಲಿಲ್ಲ.

ಕೊನೆಗೆ ಉಳಿದದ್ದು ಹನ್ನೊಂದು ಸಾಲು: ದಿನ, ಗಂಟೆ, ನನ್ನ ಮನೆಯ ಜಗಲಿ, ಹುಡುಗನ ಹೆಸರು, ಅವನಾಡಿದ ಮಾತು ಇದ್ದ ಹಾಗೆ, ಚೀಟಿಯ ಬಣ್ಣ, ಸಂಖ್ಯೆ ಮತ್ತು ಮೊಹರು. ಮೂಲ ಚೀಟಿಯನ್ನು ಲಗತ್ತಿಸಬೇಡಿ, ಜೆರಾಕ್ಸ್ ಸಾಕು, ಮೂಲವನ್ನು ಮಹಜರು ಮಾಡಿ ಕೇಳಿದಾಗ ಮಾತ್ರ ಕೊಡಿ ಎಂಬುದು ಅವನ ಸಲಹೆ. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ನಾನು ಅವನಿಗೆ ವಾಟ್ಸಾಪಿನಲ್ಲಿ ಕಳುಹಿಸಿದ್ದೆ. ಹಾಗೆ ಕಳುಹಿಸಿದ ಪ್ರತಿಯಲ್ಲಿ ತೆಗೆದ ದಿನಾಂಕ ಮತ್ತು ಸ್ಥಳದ ವಿವರಗಳು ಅಳಿಸಿಹೋಗುತ್ತವೆ, ಆದ್ದರಿಂದ ಮೊಬೈಲಿನಲ್ಲಿರುವುದನ್ನು ಮುಟ್ಟಬೇಡಿ, ನಾಳೆ ಡಿಜಿಟಲ್ ದಾಖಲೆಯನ್ನು ದೃಢೀಕರಿಸುವ, ಸಾಕ್ಷ್ಯ ಅಧಿನಿಯಮದ 65ಬಿ ಪ್ರಮಾಣಪತ್ರ ಕೊಡಬೇಕಾದೀತು ಎಂದೂ ಎಚ್ಚರಿಸಿದ.

ದೂರು ಬರೆಯುವುದಕ್ಕಿಂತ ಅದಕ್ಕೆ ಸ್ವೀಕೃತಿ ಪಡೆಯುವುದು ಕಷ್ಟವಾಯಿತು. ತಹಶೀಲ್ದಾರರ ಕಚೇರಿಯ ಟಪಾಲು ವಿಭಾಗದವರು "ಇಟ್ಟು ಹೋಗಿ, ಸಾಹೇಬರಿಗೆ ಕೊಡುತ್ತೇವೆ" ಎಂದರು. ಮೊಹರು ಇಲ್ಲದ ದೂರು ಕೊಟ್ಟರೂ ಕೊಡದಿದ್ದರೂ ಒಂದೇ ಎಂದು ನಾನು ಬೆಂಚಿನ ಮೇಲೆ ಕುಳಿತೆ. ಒಂದೂವರೆ ಗಂಟೆಯ ನಂತರ ನನ್ನ ಪ್ರತಿಯ ಮೇಲೆ ಮೊಹರು, ಸಂಖ್ಯೆ, ಸಮಯ ಬಿದ್ದವು. ಜಿಲ್ಲಾಧಿಕಾರಿಗಳಿಗೆ ಮತ್ತು ಆಯೋಗಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ.

ಅಂದು ಸಂಜೆಯೇ ಚುನಾವಣಾ ಅಕ್ರಮ ಪತ್ತೆಹಚ್ಚುವ ತಂಡವಾದ ಫ್ಲೈಯಿಂಗ್ ಸ್ಕ್ವಾಡ್ ಅಂಗಡಿಗೆ ಬಂತು. ಅಕ್ಕಿಯ ಚೀಲಗಳು ಅಂಗಡಿಯಲ್ಲಿರುವುದು ಸಹಜವೇ. ಅದರಿಂದ ಏನೂ ಆಗುತ್ತಿರಲಿಲ್ಲ. ಆದರೆ ಗಲ್ಲಾಪೆಟ್ಟಿಗೆಯ ಪಕ್ಕದ ಬಿಸ್ಕತ್ತಿನ ಡಬ್ಬಿಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಗುಲಾಬಿ ಚೀಟಿಗಳ ಕಟ್ಟು ಇತ್ತು, ಅದರಲ್ಲಿ 46 ಇತ್ತು, 48 ಇತ್ತು. ನನ್ನ ದೂರಿನಲ್ಲಿ 47 ಎಂದು ಬರೆದಿರದಿದ್ದರೆ ಆ ಕಟ್ಟಿಗೆ ಯಾವ ಅರ್ಥವೂ ಇರುತ್ತಿರಲಿಲ್ಲ.

ಮುಂದಿನದು ನಿಧಾನ. ಚುನಾವಣಾ ಲಂಚ ಅಸಂಜ್ಞೇಯ ಅಪರಾಧವಾದ್ದರಿಂದ ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿ ಪಡೆಯದೆ ತನಿಖೆ ಮಾಡುವಂತಿಲ್ಲ. ಶಿಕ್ಷೆ ಒಂದು ವರ್ಷದವರೆಗಿನ ಸೆರೆ ಅಥವಾ ದಂಡ ಅಥವಾ ಎರಡೂ. ಆದರೆ ಕೊಟ್ಟದ್ದು ಊಟ, ಪಾನೀಯ, ದಿನಸಿಯ ರೂಪದಲ್ಲಿದ್ದರೆ ಕಾನೂನು ಅದನ್ನು 'ಸತ್ಕಾರ' ಎಂದು ಕರೆದು ದಂಡಕ್ಕೆ ಮುಗಿಸುತ್ತದೆ. ಮನೆಮನೆಗೆ ಅಕ್ಕಿ ಹಂಚುವುದನ್ನು ಸತ್ಕಾರ ಎನ್ನಲು ನನ್ನ ಕನ್ನಡ ಈಗಲೂ ಒಪ್ಪುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ಅಪರಾಧ ಮತ್ತು ಅದರ ಶಿಕ್ಷೆ 170 ಮತ್ತು 173ನೇ ಕಲಮುಗಳಾಗಿವೆ. ಈ ವಿನಾಯಿತಿ ಹಾಗೆಯೇ ಉಳಿದಿದೆ.

ಪ್ರಕರಣದಲ್ಲಿ ಹೆಸರು ಬಂದದ್ದು ಹುಡುಗನದು ಮತ್ತು ಅಂಗಡಿಯವರದು. 'ನಮ್ಮವರು' ಡಿಸೆಂಬರ್ 30ರ ಎಣಿಕೆಯಲ್ಲಿ ಗೆದ್ದರು. ಗೆಲುವನ್ನು ಪ್ರಶ್ನಿಸಬೇಕಾದರೆ ಕ್ರಿಮಿನಲ್ ದೂರು ಸಾಲದು; ಫಲಿತಾಂಶ ಘೋಷಣೆಯಾದ 30 ದಿನಗಳೊಳಗೆ ನ್ಯಾಯಾಲಯದಲ್ಲಿ ಚುನಾವಣಾ ತಕರಾರು ಅರ್ಜಿ ಸಲ್ಲಿಸಬೇಕು. ಅಭ್ಯರ್ಥಿಯಷ್ಟೇ ಅಲ್ಲ, ಮತದಾರನೂ ಸಲ್ಲಿಸಬಹುದು ಎಂಬುದು ನನಗೆ ಆಗ ತಿಳಿದಿರಲಿಲ್ಲ, ನಾನು ಕೇಳಲೂ ಇಲ್ಲ. ಸೋತ ಅಭ್ಯರ್ಥಿ ಮೊಹರು ಬಿದ್ದ ನನ್ನ ಪ್ರತಿಯನ್ನು ಕೇಳಿಕೊಂಡು ಮನೆಗೆ ಬಂದದ್ದು ಫೆಬ್ರವರಿ ಮೊದಲ ವಾರದಲ್ಲಿ. ಜೆರಾಕ್ಸ್ ಮಾಡಿಸಿ ಕೊಟ್ಟೆ. ಗಡುವು ಮುಗಿದು ಆಗಲೇ ನಾಲ್ಕೈದು ದಿನವಾಗಿತ್ತು.