ಏರಿನಲ್ಲಿ ಜೀಪು ನಿಂತುಹೋಯಿತೇ? ಕ್ಲಚ್ ಒತ್ತಬೇಡಿ

ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲದಲ್ಲಿ ತೋಟದ ದಾರಿಗಳು ಸೋಪು ಹಚ್ಚಿದ ಹಾಗೆ ಆಗುತ್ತವೆ. ಇಂಥ ದಾರಿಯಲ್ಲಿ ಜೀಪು ಪಲ್ಟಿಯಾದರೆ 'ಜೋರಾಗಿ ಓಡಿಸಿರಬೇಕು' ಅಂತ ಜನ ಮಾತಾಡಿಕೊಳ್ಳುತ್ತಾರೆ. ನಾನು ಕಣ್ಣಾರೆ ಕಂಡ ಮೂರು ಪಲ್ಟಿಗಳಲ್ಲಿ ಒಂದೂ ವೇಗದಿಂದ ಆದದ್ದಲ್ಲ. ಮೂರೂ ಗಾಡಿಗಳು ಏರಿನ ಅರ್ಧದಲ್ಲಿ ನಿಂತಿದ್ದವು. ಓಡಿಸುವವರು ಗಾಬರಿಯಲ್ಲಿ ಕ್ಲಚ್ ಒತ್ತಿದರು. ಜೀಪು ಹಿಂದಕ್ಕೆ ಉರುಳಿತು. ಹೇಗಾದರೂ ತಿರುಗಿಸಿಕೊಳ್ಳೋಣ ಅಂತ ಸ್ಟೇರಿಂಗ್ ಎಳೆದರು. ಜೀಪು ಏರಿಗೆ ಅಡ್ಡವಾಯಿತು, ಮಗುಚಿತು. ಒಂದು ಸಲ ಹಿಂದೆ ಕೂತಿದ್ದ ಹುಡುಗನ ಕಾಲು ಮುರಿಯಿತು. ಅದಕ್ಕೇ ಈ ಲೇಖನದಲ್ಲಿ ಆ ಹತ್ತು ಸೆಕೆಂಡಿನ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಹೊರಡುವ ಮೊದಲು

ಆಯಿಲ್, ನೀರು, ಬ್ರೇಕ್ ಆಯಿಲ್, ಟೈರ್, ವೀಲ್ ನಟ್ ನೋಡಿ. ಐದು ನಿಮಿಷದ ಕೆಲಸ.

ನಿಮ್ಮ ಗಾಡಿಗೆ ನಿಜವಾಗಿ ಫೋರ್ ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಹೋಗುವ ವ್ಯವಸ್ಥೆ, ಇದೆಯಾ ಅಂತಲೂ ಒಮ್ಮೆ ಖಚಿತಪಡಿಸಿಕೊಳ್ಳಿ. ಇದು ಸಣ್ಣ ಮಾತಲ್ಲ. 2023ರಿಂದ ಥಾರ್ ಹಿಂದಿನ ಚಕ್ರಕ್ಕೆ ಮಾತ್ರ ಬಲ ಹೋಗುವ ಮಾದರಿಯಲ್ಲೂ ಸಿಗುತ್ತದೆ. ನೋಡಲು ಎರಡೂ ಒಂದೇ ಥರ. ಬಾಡಿಗೆಗೆ ತಂದವರು ಕೆಸರಿನಲ್ಲಿ ಸಿಕ್ಕಿಕೊಂಡ ಮೇಲೆ ಇಲ್ಲದ ಫೋರ್ ವೀಲ್ ಲಿವರ್ ಹುಡುಕುವುದನ್ನು ನೋಡಿದ್ದೇನೆ. ಹಳೇ ಮಹೀಂದ್ರಾ ಜೀಪು, ಜಿಪ್ಸಿಗಳಲ್ಲಿ ಇನ್ನೊಂದು ವಿಷಯ ಇದೆ. ಹಲವು ಗಾಡಿಗಳ ಮುಂದಿನ ಚಕ್ರದ ನಡುವೆ ಕೈಯಲ್ಲಿ ತಿರುಗಿಸುವ ಹಬ್ ಲಾಕ್ ಇರುತ್ತದೆ. ಅದನ್ನು ಲಾಕ್‌ಗೆ ತಿರುಗಿಸದೆ ಒಳಗೆ ಫೋರ್ ವೀಲ್ ಹಾಕಿದರೆ ಮುಂದಿನ ಚಕ್ರಕ್ಕೆ ಬಲ ಒಯ್ಯುವ ಶಾಫ್ಟ್ ಸುಮ್ನೆ ತಿರುಗುತ್ತದೆ, ಚಕ್ರ ಎಳೆಯುವುದಿಲ್ಲ. ಎರಡೂ ಕಡೆ ಲಾಕ್ ಆಗಿರಬೇಕು.

ಹೊರೆ ತಳದಲ್ಲಿರಲಿ, ಆದಷ್ಟು ಸೀಟಿನ ಬೆನ್ನಿಗೆ ಒತ್ತಿಕೊಂಡಿರಲಿ. ಗೊಬ್ಬರದ ಚೀಲಗಳನ್ನು ಹಿಂಬಾಗಿಲಿನ ಹತ್ತಿರ ಪೇರಿಸಿದರೆ ಏರಿನಲ್ಲಿ ಮೂತಿ ಹಗುರಾಗುತ್ತದೆ, ಸ್ಟೇರಿಂಗ್ ಮಾತು ಕೇಳುವುದಿಲ್ಲ. ಯೂರಿಯಾ ಚೀಲ ಒಂದೊಂದೂ 45 ಕೆ.ಜಿ. ಇರುತ್ತದೆ. ನಾಲ್ಕು ಚೀಲ ಎರಡಡಿ ಹಿಂದೆ ಸರಿದರೂ ಗೊತ್ತಾಗುತ್ತದೆ. ಕೆಟ್ಟ ಏರು ಬಂದಾಗ ಜನರನ್ನು ಇಳಿಸಿಬಿಡಿ, ನಡೆದು ಬರಲಿ. ಅಜ್ಜಿ, ಮಕ್ಕಳಿದ್ದರೆ ಅವರ ಜೊತೆ ಒಬ್ಬರು ನಿಲ್ಲಲಿ. ಈ ವಿಷಯದಲ್ಲಿ ನಾನು ನೆಂಟರ ಮುಖ ನೋಡುವುದಿಲ್ಲ.

ಟೈರಿನ ಗಾಳಿ: ಕೆಸರಿಗೆ 20 ಪಿಎಸ್‌ಐ ಆಸುಪಾಸು ನನಗೆ ಇಷ್ಟ. ಟೈರ್ ಅಗಲವಾಗಿ ಕೂರುತ್ತದೆ, ಹಿಡಿತ ಸಿಗುತ್ತದೆ. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚಬಹುದು. ಟಾರು ರಸ್ತೆಗೆ ಬಂದ ಕೂಡಲೇ ವಾಪಸ್ ತುಂಬಿಸಿ. ಪಂಪು ಇಲ್ಲದಿದ್ದರೆ ಗಾಳಿ ಬಿಡುವ ಯೋಚನೆಯೇ ಬೇಡ.

ನಮ್ಮ ಕಡೆ ಮಳೆಗಾಲದಲ್ಲಿ ಟೈರಿಗೆ ಚೈನ್ ಕಟ್ಟುತ್ತಾರೆ. ಜೇಡಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ಕಟ್ಟಿ ನೂರು ಗಜ ಓಡಿಸಿ, ಇಳಿದು, ಮತ್ತೆ ಬಿಗಿ ಮಾಡಿ. ಸಡಿಲ ಚೈನ್ ಬೀಸಿ ಬ್ರೇಕಿನ ಪೈಪ್ ಹರಿದುಬಿಡುತ್ತದೆ. ಸಂತೆಯಲ್ಲಿ ತೂಕಕ್ಕೆ ಸಿಗುವ ತೆಳು ಸರಪಳಿ ತಂದು ಕಟ್ಟಬೇಡಿ.

ಲೋ ಯಾವಾಗ ಹಾಕಬೇಕು

ಏರಿನ ಬುಡದಲ್ಲಿ, ಗಾಡಿ ಪೂರ್ತಿ ನಿಲ್ಲಿಸಿ. ಏರು ಶುರುವಾದ ಮೇಲೆ ಅಲ್ಲ. ಲೋ ಅಂದರೆ ಗೇರ್ ಲಿವರಿನ ಪಕ್ಕದ ಸಣ್ಣ ಲಿವರಿನ ಒಂದು ಸ್ಥಾನ. ಅದರಲ್ಲಿ ಚಕ್ರಕ್ಕೆ ಸಿಗುವ ಬಲ ಸುಮಾರು ಎರಡರಿಂದ ಎರಡೂವರೆ ಪಟ್ಟು, ವೇಗ ಅಷ್ಟೇ ಪಟ್ಟು ಕಡಿಮೆ. ಹೆಚ್ಚಿನ ಏರುಗಳಿಗೆ ಲೋನಲ್ಲಿ ಸೆಕೆಂಡ್ ಗೇರ್ ಸಾಕು. ಫಸ್ಟ್‌ನಲ್ಲಿ ಬಲ ಜಾಸ್ತಿಯಾಗಿ ಚಕ್ರ ಗಿರಕಿ ಹೊಡೆಯುತ್ತದೆ.

ಒಣ ಟಾರಿನ ಮೇಲೆ ಫೋರ್ ವೀಲ್ ಬೇಡ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗಬೇಕು. ಈ ಗಾಡಿಗಳಲ್ಲಿ ಎರಡೂ ಶಾಫ್ಟ್ ಒಂದಕ್ಕೊಂದು ಕಟ್ಟಿಹಾಕಿದಂತೆ ತಿರುಗುವುದರಿಂದ ಒಳಗೆ ಬಿಗಿ ಸೇರುತ್ತಾ ಹೋಗುತ್ತದೆ. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ಬಿಗಿ ಬಿಟ್ಟುಕೊಡುತ್ತದೆ, ಟಾರಿನಲ್ಲಿ ಜಾರುವುದಿಲ್ಲ. ಲಿವರ್ ಬರದೆ ಕಚ್ಚಿಕೊಂಡರೆ ಒದೆಯಬೇಡಿ, ನಾಲ್ಕಡಿ ನೇರ ಹಿಂದಕ್ಕೆ ತೆಗೆದುಕೊಳ್ಳಿ, ಬಿಡುತ್ತದೆ.

ಹತ್ತುವ ಮೊದಲು ಇಳಿದು ಏರನ್ನು ನಡೆದು ನೋಡಿ. ಕಾಲು ಎಲ್ಲಿ ಜಾರುತ್ತದೋ ಅಲ್ಲಿ ಟೈರೂ ಜಾರುತ್ತದೆ. ಮೇಲೆ ಹೋಗಲು ಆಗದಿದ್ದರೆ ಹಿಂದೆ ಎಲ್ಲಿ ತನಕ ನೇರ ಬರಬಹುದು ಅಂತಲೂ ಆಗಲೇ ನೋಡಿಟ್ಟುಕೊಳ್ಳಿ. ಸ್ಟೇರಿಂಗ್ ಹಿಡಿಯುವಾಗ ಹೆಬ್ಬೆರಳು ಒಳಗೆ ಸಿಕ್ಕಿಸದೆ ಸ್ಟೇರಿಂಗಿನ ಅಂಚಿನ ಮೇಲೇ ಇರಲಿ. ಪವರ್ ಸ್ಟೇರಿಂಗ್ ಇಲ್ಲದ ಜೀಪಿನ ಟೈರು ಕಲ್ಲಿಗೆ ಬಡಿದರೆ ಸ್ಟೇರಿಂಗ್ ಗಿರ್ರನೆ ತಿರುಗಿ ಹೆಬ್ಬೆರಳು ಮುರಿಯುತ್ತದೆ.

ಅರ್ಧದಲ್ಲಿ ನಿಂತಾಗ

ಚಕ್ರ ಗಿರಕಿ ಹೊಡೆಯಲು ಶುರುವಾಯಿತು, ಗಾಡಿ ಮುಂದೆ ಹೋಗುತ್ತಿಲ್ಲ. ಈಗ ಆ್ಯಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಇನ್ನಷ್ಟು ಒತ್ತಿದರೆ ಗುಂಡಿ ಆಳವಾಗುತ್ತದೆ, ಮೂತಿ ಪಕ್ಕಕ್ಕೆ ಸರಿಯುತ್ತದೆ, ಅಷ್ಟೇ.

ಕಾಲಿನ ಬ್ರೇಕ್ ಗಟ್ಟಿಯಾಗಿ ಒತ್ತಿ. ಕ್ಲಚ್ ಒತ್ತಬೇಡಿ. ಎಂಜಿನ್ ಆಫ್ ಆಗುತ್ತದೆ, ಆಗಲಿ. ಡ್ರೈವಿಂಗ್ ಕಲಿಯುವಾಗ 'ಎಂಜಿನ್ ಆಫ್ ಮಾಡಬೇಡ' ಅಂತ ಎಲ್ಲರೂ ಬೈದಿರುತ್ತಾರೆ, ಹಾಗಾಗಿ ಎಡಗಾಲು ತಾನಾಗಿಯೇ ಕ್ಲಚ್‌ಗೆ ಹೋಗುತ್ತದೆ. ಆ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಗೇರಿನಲ್ಲಿ ನಿಂತ ಎಂಜಿನ್ ನಾಲ್ಕೂ ಚಕ್ರವನ್ನು ಹಿಡಿದುಕೊಂಡಿರುತ್ತದೆ. ಕ್ಲಚ್ ಒತ್ತಿದ ಕ್ಷಣ ಆ ಹಿಡಿತ ಹೋಗಿ ಬರೀ ಬ್ರೇಕ್ ಉಳಿಯುತ್ತದೆ. ಹಿಂದಕ್ಕೆ ಉರುಳುವಾಗ ಬ್ರೇಕ್ ನೀವು ಅಂದುಕೊಂಡಷ್ಟು ಕೆಲಸ ಮಾಡುವುದಿಲ್ಲ. ಯಾಕೆಂದರೆ ಮೂತಿ ಮೇಲಿರುವಾಗ ಭಾರ ಎಲ್ಲಾ ಹಿಂದಿನ ಚಕ್ರದ ಮೇಲೆ ಬಿದ್ದಿರುತ್ತದೆ. ಜೋರು ಬ್ರೇಕ್ ಇರುವುದು ಮುಂದಿನ ಚಕ್ರಗಳಿಗೆ. ಭಾರವೇ ಇಲ್ಲದ ಆ ಚಕ್ರಗಳು ಲಾಕ್ ಆಗಿ ಜಾರುತ್ತವೆ. ಜಾರುವ ಚಕ್ರ ಸ್ಟೇರಿಂಗ್ ಮಾತು ಕೇಳುವುದಿಲ್ಲ.

ಇನ್ನೊಂದು ಎಚ್ಚರ. ಎಂಜಿನ್ ಆಫ್ ಆದ ಮೇಲೆ ಬೂಸ್ಟರ್ (ಎಂಜಿನ್ ಬಲದಿಂದ ಬ್ರೇಕ್ ಒತ್ತಲು ನೆರವಾಗುವ ಭಾಗ) ಇರುವ ಬ್ರೇಕ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಆದ್ದರಿಂದ ಪಂಪ್ ಮಾಡಬೇಡಿ. ಒಂದೇ ಸಲ ಒತ್ತಿ, ಹಾಗೇ ಹಿಡಿದುಕೊಳ್ಳಿ. ಹ್ಯಾಂಡ್ ಬ್ರೇಕನ್ನೂ ಎಳೆಯಿರಿ. ಈಗ ಉಸಿರು ಬಿಡಿ. ಗಾಡಿ ನಿಂತಿದೆ, ಯಾವ ಆತುರವೂ ಇಲ್ಲ.

ಕೆಳಗಿಳಿದು ನಿಂತವರಲ್ಲಿ ಒಬ್ಬರು ಹಿಂದಿನ ಚಕ್ರಕ್ಕೆ ಕಲ್ಲು ಕೊಡಲಿ, ಪಕ್ಕದಿಂದ ಕೈ ಚಾಚಿ. ಜೀಪಿನ ಹಿಂದೆ ಯಾರೂ ನಿಲ್ಲಬಾರದು. 'ನಾವು ತಳ್ಳಿ ಹಿಡ್ಕೋತೀವಿ ಅಣ್ಣಾ' ಅಂತ ನಾಲ್ಕು ಜನ ಹಿಂದೆ ಓಡಿ ಬರುತ್ತಾರೆ. ದಯವಿಟ್ಟು ಅವರನ್ನು ಅಲ್ಲಿ ನಿಲ್ಲಲು ಬಿಡಬೇಡಿ. ಒಂದೂವರೆ ಟನ್ನು ಭಾರವನ್ನು ಕೈಯಲ್ಲಿ ಯಾರೂ ತಡೆಯಲಾರರು.

ಈಗ ಬ್ರೇಕ್ ಒತ್ತಿ ಹಿಡಿದುಕೊಂಡೇ ಕ್ಲಚ್ ಒತ್ತಿ, ರಿವರ್ಸ್ ಹಾಕಿ, ಕ್ಲಚ್ ಪೂರ್ತಿ ಬಿಡಿ. ಗಾಡಿ ಇನ್ನೂ ಲೋನಲ್ಲೇ ಇರಬೇಕು. ಚಕ್ರ ನೇರ ಇದೆಯಾ ಅಂತ ಹೊರಗಿದ್ದವರನ್ನು ಕೇಳಿ. ಸೀಟಿನಲ್ಲಿ ಕೂತವರಿಗೆ ಅದು ಸರಿಯಾಗಿ ತಿಳಿಯುವುದಿಲ್ಲ. ಕಲ್ಲು ತೆಗೆಸಿ, ತೆಗೆದವರು ದೂರ ಸರಿಯಲಿ. ಹ್ಯಾಂಡ್ ಬ್ರೇಕ್ ಬಿಡಿ. ಕಾಲಿನ ಬ್ರೇಕನ್ನು ನಿಧಾನ ಸಡಿಲಿಸಿ. ಗಾಡಿ ಒಂದಿಷ್ಟು ಜರುಗಿ ಗೇರಿನ ಮೇಲೆ ನಿಲ್ಲುತ್ತದೆ. ಈಗ ಕ್ಲಚ್ ಮುಟ್ಟದೆ ಕೀ ತಿರುಗಿಸಿ. ಸ್ಟಾರ್ಟರ್ ಮೋಟಾರೇ ಗಾಡಿಯನ್ನು ಹಿಂದಕ್ಕೆ ನೂಕುತ್ತಾ ಎಂಜಿನ್ ಸ್ಟಾರ್ಟ್ ಮಾಡುತ್ತದೆ. ಜೀಪು ಮನುಷ್ಯ ನಡೆಯುವ ವೇಗದಲ್ಲಿ ತಾನಾಗಿ ಇಳಿಯುತ್ತದೆ. ನಮ್ಮ ತೋಟದ ಹಳೇ ಡ್ರೈವರ್ ನನಗೆ ಇದನ್ನು ಕಲಿಸುವಾಗ ಎಡಗಾಲನ್ನು ಸೀಟಿನ ಅಡಿಗೆ ಮಡಚಿ ಕೂರಿಸುತ್ತಿದ್ದರು. ಕಲಿಯುವವರಿಗೆ ನಾನೂ ಹಾಗೇ ಹೇಳುತ್ತೇನೆ.

ಹೊಸ ಗಾಡಿಗಳಲ್ಲಿ ಕ್ಲಚ್ ಒತ್ತದೆ ಸ್ಟಾರ್ಟ್ ಆಗದಂತೆ ಸ್ವಿಚ್ ಇರುವುದುಂಟು. ಅಂಥದರಲ್ಲಿ ಬ್ರೇಕ್ ಗಟ್ಟಿ ಹಿಡಿದು, ಕ್ಲಚ್ ಒತ್ತಿ ಸ್ಟಾರ್ಟ್ ಮಾಡಿ, ಮೊದಲು ಕ್ಲಚ್ ಬಿಡುತ್ತಾ ಬನ್ನಿ, ಅದು ಹಿಡಿದುಕೊಂಡದ್ದು ತಿಳಿದ ಮೇಲೆ ಬ್ರೇಕ್ ಬಿಡಿ. ಕ್ರಮ ತಪ್ಪಬಾರದು. ಆಟೊಮ್ಯಾಟಿಕ್ ಆದರೆ ಲೋ, ರಿವರ್ಸ್, ಮತ್ತೆ ಬ್ರೇಕ್ ಮೇಲೆ ಹಗುರ ಕಾಲು.

ಇಳಿಯುವಾಗ ಮೂತಿ ಒಂದು ಕಡೆಗೆ ಜಾರಲು ಶುರುವಾದರೆ ಬ್ರೇಕ್ ಬಿಟ್ಟುಬಿಡಿ, ಆ್ಯಕ್ಸಿಲರೇಟರ್ ಚೂರು ಒತ್ತಿ. ಹೆದರಿಕೆಯಾಗುತ್ತದೆ ನಿಜ. ಆದರೆ ಚಕ್ರ ಮತ್ತೆ ಉರುಳತೊಡಗಿದರೆ ಮಾತ್ರ ಮೂತಿ ನೇರವಾಗುತ್ತದೆ. ಎಷ್ಟೇ ಜಾಗ ಕಂಡರೂ ಏರಿನ ನಡುವೆ ಗಾಡಿ ತಿರುಗಿಸಬೇಡಿ. ಜೀಪು ಎತ್ತರದ, ಕಿರಿದಾದ ಗಾಡಿ. ಮುಂದಕ್ಕೆ, ಹಿಂದಕ್ಕೆ ಬಹಳಷ್ಟು ವಾಲಿದರೂ ತಡೆಯುತ್ತದೆ, ಪಕ್ಕಕ್ಕೆ ತಡೆಯುವುದಿಲ್ಲ.

ಇದನ್ನು ಮೊದಲ ಸಲ ಜುಲೈ ಮಳೆಯಲ್ಲಿ ಮಾಡಲು ಹೋಗಬೇಡಿ. ಬೇಸಗೆಯಲ್ಲಿ, ಒಣ ಮಣ್ಣಿನ ಸಣ್ಣ ಏರಿನಲ್ಲಿ, ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೇಕಂತಲೇ ಅರ್ಧಕ್ಕೆ ನಿಲ್ಲಿಸಿ ಹತ್ತು ಸಲ ಅಭ್ಯಾಸ ಮಾಡಿ.

ಇಳಿಜಾರು ಮತ್ತು ಹಳ್ಳ

ಇಳಿಜಾರಿಗೆ ಲೋ ಫಸ್ಟ್, ಕಾಲು ಕ್ಲಚ್‌ನಿಂದ ದೂರ, ದಾರಿ ನೇರ.

ಹಳ್ಳದಲ್ಲಿ ನೀರು ಹರಿಯುತ್ತಿದ್ದರೆ ಕೋಲು ಹಿಡಿದು ನಡೆದು ನೋಡಿ. ಚಕ್ರದ ನಡುಮಟ್ಟಕ್ಕಿಂತ ಮೇಲಿದ್ದರೆ ನಾನು ಇಳಿಸುವುದಿಲ್ಲ. ನಡೆದು ದಾಟಲು ಧೈರ್ಯ ಬರದ ನೀರಿಗೆ ಜೀಪನ್ನೂ ಇಳಿಸಬೇಡಿ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬಾರದು. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ. ಎಳೆಸಿ ಆಚೆ ತನ್ನಿ. ಎಳೆಯಲು ಹಗ್ಗವನ್ನು ಬಂಪರಿಗೆ ಕಟ್ಟಬೇಡಿ, ಚಾಸಿಗೆ ಬೋಲ್ಟ್ ಮಾಡಿದ ಕೊಕ್ಕೆಗೆ ಕಟ್ಟಿ. ಹಗ್ಗ ಬಿಗಿಯಾಗಿರುವಾಗ ಅದರ ಹತ್ತಿರ ಯಾರೂ ಇರಬಾರದು. ಕಿತ್ತು ಬಂದ ಕೊಕ್ಕೆ ಗುಂಡಿನ ಹಾಗೆ ಹಾರುತ್ತದೆ.

ದಾಟಿದ ಮೇಲೆ ಬ್ರೇಕನ್ನು ಹಗುರಾಗಿ ಒತ್ತಿಕೊಂಡೇ ಸ್ವಲ್ಪ ದೂರ ಓಡಿಸಿ, ಲೈನರ್ ಒಣಗಲಿ.

ನಿಲ್ಲಿಸುವಾಗ

ಪಕ್ಕದ ಸಣ್ಣ ಲಿವರ್ ನ್ಯೂಟ್ರಲ್‌ನಲ್ಲಿ ಉಳಿದಿದ್ದರೆ, ನೀವು ಫಸ್ಟ್ ಗೇರ್ ಹಾಕಿ ನಿಲ್ಲಿಸಿದರೂ ಗಾಡಿ ಉರುಳುತ್ತದೆ. ಲೋನಿಂದ ಹೈಗೆ ತರುವಾಗ ನಡುವೆ ಸಿಕ್ಕಿಕೊಂಡು ಹೀಗಾಗುವುದುಂಟು. ಇಳಿಯುವ ಮೊದಲು ನೋಡಿ.

ಹಳೇ ಜೀಪುಗಳ ಹ್ಯಾಂಡ್ ಬ್ರೇಕ್ ಚಕ್ರಕ್ಕಲ್ಲ, ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಇರುತ್ತದೆ. ಹಿಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿದ ಕೂಡಲೇ ಅದರ ಹಿಡಿತ ಹೋಗುತ್ತದೆ. ಎತ್ತಿದ ಚಕ್ರ ಗಾಳಿಯಲ್ಲಿ ಉಲ್ಟಾ ತಿರುಗುತ್ತದೆ, ನೆಲದ ಮೇಲಿನ ಚಕ್ರ ಉರುಳುತ್ತದೆ, ಜೀಪು ಜಾಕಿಯಿಂದ ಬೀಳುತ್ತದೆ. ಪಂಕ್ಚರ್ ಆದಾಗ ಮೊದಲು ಫೋರ್ ವೀಲ್ ಹಾಕಿ, ಹಬ್ ಲಾಕ್ ಮಾಡಿ, ಮುಂದಿನ ಚಕ್ರಗಳಿಗೆ ಹಿಂದೂ ಮುಂದೂ ಕಲ್ಲು ಕೊಡಿ. ಆಮೇಲೆ ಜಾಕಿ.

ಮನೆಗೆ ಬಂದ ಮೇಲೆ

ಅಡಿಭಾಗ ತೊಳೆಯಿರಿ. ರಿಮ್ಮಿನೊಳಗೆ ಒಣಗಿದ ಕೆಸರಿದ್ದರೆ ಮರುದಿನ ಟಾರಿನಲ್ಲಿ ಸ್ಟೇರಿಂಗ್ ನಡುಗುತ್ತದೆ. ಜನ ಅಲೈನ್‌ಮೆಂಟ್‌ಗೆ ದುಡ್ಡು ಕೊಟ್ಟು ಬರುತ್ತಾರೆ. ರೇಡಿಯೇಟರಿನ ಜಾಲರಿಯ ಮಣ್ಣನ್ನೂ ತೆಗೆಯಿರಿ.

ತೊಳೆದ ಮೇಲೆ ಸುಟ್ಟ ಎಂಜಿನ್ ಆಯಿಲ್ ಹೊಡೆಸುವ ಪದ್ಧತಿ ನಮ್ಮಲ್ಲಿದೆ. ತುಕ್ಕು ಹಿಡಿಯಲ್ಲ ಅಂತ ಹೇಳುತ್ತಾರೆ. ಅದು ರಬ್ಬರ್ ಬುಷ್, ಬ್ರೇಕ್ ಹೋಸ್‌ಗಳನ್ನು ಮೆತ್ತಗೆ ಮಾಡುತ್ತದೆ, ಮಣ್ಣನ್ನು ಅಂಟಿಸಿಕೊಳ್ಳುತ್ತದೆ, ಮಳೆಗೆ ತೊಳೆದು ಹಳ್ಳ ಸೇರುತ್ತದೆ. ದಯವಿಟ್ಟು ಬೇಡ.

ನೀರಿಗಿಳಿದ ದಿನವೇ ಗ್ರೀಸ್ ಹೊಡೆಯಿರಿ. ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕೀಲುಗಳಾದ ಕ್ರಾಸ್‌ಗಳು, ಪಟ್ಟಾ (ಸ್ಪ್ರಿಂಗ್ ಪಟ್ಟಿ) ತೂಗುವ ಶ್ಯಾಕಲ್‌ಗಳು, ಸ್ಟೇರಿಂಗ್ ಜಾಯಿಂಟ್‌ಗಳು: ಗ್ರೀಸ್ ತುಂಬುವ ನಿಪ್ಪಲ್ ಇರುವ ಯಾವ ಜಾಗವನ್ನೂ ಬಿಡಬೇಡಿ. ನಿಪ್ಪಲ್‌ಗಳನ್ನು ಮೊದಲು ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಮಣ್ಣನ್ನೇ ಒಳಗೆ ತುಂಬಿದಂತೆ. ಹಳೇ ಗ್ರೀಸಿನ ಜೊತೆ ನೀರು ಹೊರಗೆ ಬಂದು, ಹೊಸ ಗ್ರೀಸ್ ಕಾಣುವ ತನಕ ಒತ್ತಿ. ಡೂಪ್ಲಿಕೇಟ್ ಕ್ರಾಸ್ ಅರ್ಧ ಬೆಲೆಗೆ ಸಿಗುತ್ತದೆ, ಆದರೆ ಒಂದು ಮಳೆಗಾಲ ದಾಟುವುದಿಲ್ಲ. ಅದು ಮುರಿಯುವುದೂ ಏರಿನಲ್ಲೇ, ಬಲ ಬಿದ್ದಾಗ.

ಮರುದಿನ ಬೆಳಿಗ್ಗೆ, ಗಾಡಿ ತಣ್ಣಗಿರುವಾಗ, ಹಿಂದಿನ ಮತ್ತು ಮುಂದಿನ ಹೌಸಿಂಗ್‌ನ (ಎರಡು ಚಕ್ರಗಳ ನಡುವಿನ, ಗೇರ್ ಆಯಿಲ್ ಇರುವ ಪೆಟ್ಟಿಗೆ) ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳು ಹಾಕಿ ನೋಡಿ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಮೇಲೆ ಗಾಳಿಯಾಡಲು ಇರುವ ಬ್ರೀದರ್ ಕೆಸರಿನಿಂದ ಕಟ್ಟಿದ್ದರಂತೂ ಖಂಡಿತ. ಆಯಿಲ್ ತನ್ನ ಬಣ್ಣದಲ್ಲೇ ಇದ್ದರೆ ಬೋಲ್ಟ್ ಬಿಗಿದುಬಿಡಿ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅವತ್ತೇ ಪೂರ್ತಿ ಇಳಿಸಿ, ಹೊಸದು ಹಾಕಿ, ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆಯಿರಿ.