ಹಳೆಯ ಮ್ಯಾನುಯಲ್ ಕ್ಯಾಮೆರಾ ಕೊಳ್ಳುವ ಮುನ್ನ ನೋಡಬೇಕಾದ್ದು

ರೀಲು ಹಾಕುವ ಹಳೆಯ ಕ್ಯಾಮೆರಾ ಕೈಗೆ ಬಂದ ಕೂಡಲೇ ಬ್ಯಾಟರಿ ತೆಗೆದು ಶಟರ್ (ರೀಲಿಗೆ ಬೆಳಕು ಬಿಡಲು ಕ್ಷಣಕಾಲ ತೆರೆದು ಮುಚ್ಚುವ ಪರದೆ) ಒತ್ತಿ. ಎಲ್ಲ ವೇಗದಲ್ಲೂ ಶಟರ್ ಬಿದ್ದರೆ ಅದು ಪೂರ್ತಿ ಯಾಂತ್ರಿಕ ಕ್ಯಾಮೆರಾ. ಪೆಂಟ್ಯಾಕ್ಸ್ ಕೆ1000, ನಿಕಾನ್ ಎಫ್ಎಂ2, ಒಲಿಂಪಸ್ ಓಎಂ-1 ಈ ಜಾತಿಯವು. ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. 1976ರ ಕ್ಯಾನನ್ ಎಇ-1 ಒಳ್ಳೆಯ ಕ್ಯಾಮೆರಾವೇ, ಆದರೆ 6 ವೋಲ್ಟ್ ಬ್ಯಾಟರಿ ಇಲ್ಲದೆ ಶಟರ್ ಬೀಳದು. ಒಳಗಿನ ಸರ್ಕ್ಯೂಟ್ ಕೆಟ್ಟರೆ ಅಂಥದ್ದೇ ಇನ್ನೊಂದು ಹಳೆಯ ಕ್ಯಾಮೆರಾ ಬಿಚ್ಚಿಯೇ ಬಿಡಿಭಾಗ ಹುಡುಕಬೇಕು. ಮೋಟಾರಿನ ಆಟೋಮ್ಯಾಟಿಕ್ ಕ್ಯಾಮೆರಾಗಳ ಪಾಡೂ ಇದೇ. ಸ್ಪ್ರಿಂಗು, ಗೇರುಗಳ ಕ್ಯಾಮೆರಾವನ್ನಾದರೆ ನುರಿತ ಮೆಕ್ಯಾನಿಕ್ ಇಂದಿಗೂ ಬಿಚ್ಚಿ ಸರಿಮಾಡಬಲ್ಲ. ಮದುವೆ, ಆಟೋಟ, ಓಡುವ ಮಕ್ಕಳು ಎಂದರೆ ಡಿಜಿಟಲ್ಲೇ ಸರಿ. ರೀಲಿನ ಕ್ಯಾಮೆರಾದಲ್ಲಿ ಒಂದೊಂದು ಕ್ಲಿಕ್ಕಿಗೂ ರೀಲು, ತೊಳೆಸುವುದು, ಸ್ಕ್ಯಾನು ಎಂದು ಕಾಸು ಬೀಳುತ್ತದೆ.

ಇನ್ನು ಶಟರ್ ಪರೀಕ್ಷೆ. ರೀಲು ಇಲ್ಲದಾಗ ಹಿಂಬಾಗಿಲು ತೆರೆದು ಶಟರ್ ವೇಗವನ್ನು 1 ಸೆಕೆಂಡಿಗೆ ಇಟ್ಟು ಒತ್ತಿ. ತೆರೆದೇ ನಿಂತರೆ, ಅಥವಾ ತೆವಳುತ್ತ ಮುಚ್ಚಿದರೆ, ಒಳಗಿನ ಎಣ್ಣೆ ಗಟ್ಟಿಯಾಗಿದೆ ಎಂದರ್ಥ. ಇದು ಸರ್ವಿಸ್‌ನಿಂದ ಸರಿಹೋಗುತ್ತದೆ. ಆಮೇಲೆ ಲೆನ್ಸ್ ತೆಗೆದು, ಕ್ಯಾಮೆರಾವನ್ನು ಬೆಳ್ಳಗಿನ ಆಕಾಶದತ್ತ ಹಿಡಿದು, 1/1000 ಸೆಕೆಂಡಿನ ವೇಗದಲ್ಲಿ ಒತ್ತುತ್ತ ಹಿಂದಿನಿಂದ ನೋಡಿ. ಇಡೀ ಆಯತ ಒಮ್ಮೆಗೇ ಬೆಳ್ಳಗೆ ಮಿಂಚಬೇಕು. ಒಂದು ಬದಿ ಕಪ್ಪಾಗಿ ಕಂಡರೆ ಶಟರಿನ ಎರಡು ಪರದೆಗಳು ಒಂದೇ ವೇಗದಲ್ಲಿ ಓಡುತ್ತಿಲ್ಲ. ಚಿತ್ರದಲ್ಲೂ ಆ ಬದಿ ಕಪ್ಪಾಗಿಯೇ ಬರುತ್ತದೆ. ಬಟ್ಟೆಯ ಪರದೆಯಾದರೆ ಟಾರ್ಚ್ ಹಿಡಿದು ಸೂಜಿಮೊನೆಯಷ್ಟು ತೂತುಗಳಿವೆಯೇ ನೋಡಿ. ಪರದೆಗೆ ಬೆರಳು ತಾಗಿಸಲೇಬೇಡಿ. ಸೆಲ್ಫ್ ಟೈಮರ್ ತಂಟೆಗೂ ಹೋಗಬೇಡಿ, ಹಳೆಯವು ಅರ್ಧದಲ್ಲಿ ಸಿಕ್ಕಿಕೊಂಡರೆ ಶಟರ್ರೇ ಬೀಳದಂತಾಗಬಹುದು.

ಕರಾವಳಿ, ಮಲೆನಾಡಿನ ಕ್ಯಾಮೆರಾಗಳಲ್ಲಿ ಹೆಚ್ಚಿನ ತಕರಾರು ಲೆನ್ಸಿನದು. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ, ಹಿಗ್ಗಿಸಿ ಕುಗ್ಗಿಸಬಲ್ಲ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ: ಜೇಡರಬಲೆಯ ಎಳೆಗಳಂತೆ ಕಂಡರೆ ಫಂಗಸ್. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಚಿತ್ರಕ್ಕೆ ಅಷ್ಟೇನೂ ತೊಂದರೆಯಿಲ್ಲ. ಗಾಜಿನ ಲೇಪವನ್ನೇ ತಿಂದಿದ್ದರೆ ಮಾತ್ರ ಒರೆಸಿದರೂ ಕಲೆ ಹೋಗದು, ಎದುರುಬೆಳಕಿನ ಚಿತ್ರಗಳು ಮಂಕಾಗುತ್ತವೆ, ಅಂಥದ್ದನ್ನು ಬಿಟ್ಟುಬಿಡಿ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಹೊಳೆಯುತ್ತಿದ್ದರೆ ಅವು ಸರಕ್ಕನೆ ಮುಚ್ಚದೆ ಚಿತ್ರಕ್ಕೆ ಬೆಳಕು ಹೆಚ್ಚಾಗುತ್ತದೆ.

ಒಳಗೆ ಬೆಳಕು ನುಗ್ಗದಂತೆ ಹಿಂಬಾಗಿಲ ಅಂಚಿನ ಕೊರಕಲಿನಲ್ಲಿ ಅಂಟಿಸಿರುವ ಕಪ್ಪು ಸ್ಪಂಜು ಡಾಂಬರಿನಂತೆ ಅಂಟಂಟಾಗಿರುವುದು ಮಾಮೂಲು. ಅದಕ್ಕೆ ಹೆದರಬೇಕಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಕಡ್ಡಿಯಿಂದ ಕೆರೆದು ತೆಗೆದು ಹೊಸ ಸ್ಪಂಜು ಅಂಟಿಸಿ. ಕಿರಿದಾದ ಕೊರಕಲಿಗೆ ಕಪ್ಪು ಉಣ್ಣೆಯ ನೂಲೂ ಆದೀತು.

ಓಎಂ-1ರ ಮೀಟರ್ 1.35 ವೋಲ್ಟಿನ ಪಾದರಸದ ಬ್ಯಾಟರಿಗೆಂದು ಮಾಡಿದ್ದು, ಅದೀಗ ಮಾರಾಟದಲ್ಲಿಲ್ಲ. 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಮೀಟರ್ ತಪ್ಪು ಲೆಕ್ಕ ಕೊಡುತ್ತದೆ. ಕಿವಿಯ ಯಂತ್ರಕ್ಕೆ ಹಾಕುವ 675 ನಂಬರಿನ ಝಿಂಕ್-ಏರ್ ಬ್ಯಾಟರಿ ಹತ್ತಿರದ ವೋಲ್ಟೇಜ್ ಕೊಡುತ್ತದೆ. ಸೀಲು ಕಿತ್ತ ಮೇಲೆ ಹೆಚ್ಚು ಕಾಲ ಬಾಳದು. ಕೆ1000ಕ್ಕೆ ಒಂದು ಎಲ್ಆರ್44 ಬಟನ್ ಬ್ಯಾಟರಿ ಸಾಕು. ಅದರ ಮೀಟರಿಗೆ ಸ್ವಿಚ್ಚಿಲ್ಲ, ಲೆನ್ಸಿನ ಮುಚ್ಚಳ ಹಾಕದೆ ಇಟ್ಟರೆ ಬ್ಯಾಟರಿ ಖಾಲಿಯಾಗುತ್ತ ಹೋಗುತ್ತದೆ. ಮೀಟರ್ ಸತ್ತೇ ಹೋಗಿದ್ದರೂ ನಡೆಯುತ್ತದೆ: ನೆತ್ತಿಬಿಸಿಲಿಗೆ ಅಪರ್ಚರನ್ನು ಎಫ್/16ಕ್ಕೆ ಇಟ್ಟು, 200 ಐಎಸ್ಒ (ರೀಲು ಬೆಳಕನ್ನು ಹಿಡಿಯುವ ಶಕ್ತಿಯ ಅಂಕಿ, ಡಬ್ಬಿಯ ಮೇಲಿರುತ್ತದೆ) ರೀಲಿಗೆ ಶಟರ್ ವೇಗ 1/250 ಸೆಕೆಂಡು, ಮೋಡ ಕವಿದಿದ್ದರೆ ಅಪರ್ಚರ್ ಎಫ್/8.

ಮೊದಲ ರೀಲನ್ನು ಪರೀಕ್ಷೆಗೇ ಮೀಸಲಿಡಿ. ರೀಲಿನ ತುದಿಯನ್ನು ಬಲಗಡೆಯ ಸ್ಪೂಲಿಗೆ ಸಿಕ್ಕಿಸಿ, ಎರಡೂ ಕಡೆಯ ತೂತುಗಳು ಹಲ್ಲುಗಳ ಮೇಲೆ ಕೂತ ಮೇಲೆ ಬಾಗಿಲು ಮುಚ್ಚಿ. ಎಡಗಡೆಯ ರಿವೈಂಡ್ ಗುಂಡಿಯನ್ನು ಬಿಗಿಯಾಗುವತನಕ ಮೆಲ್ಲಗೆ ತಿರುಗಿಸಿ. ಮುಂದೆ ರೀಲು ಸರಿಸಿದಾಗಲೆಲ್ಲ ಆ ಗುಂಡಿ ತಾನಾಗಿ ತಿರುಗಬೇಕು. ತಿರುಗದಿದ್ದರೆ ರೀಲು ಜಾರಿದೆ, 36 ಚಿತ್ರವೂ ಖಾಲಿ. ಪ್ರತಿ ಚಿತ್ರದ ವೇಗ ಮತ್ತು ಅಪರ್ಚರ್ ಬರೆದಿಡಿ. ತೊಳೆಸಿದ ನೆಗೆಟಿವಿನಲ್ಲಿ ಚಿತ್ರದ ಅಂಚು ದಾಟಿ ತೂತುಗಳವರೆಗೂ ಕಪ್ಪು ಪಟ್ಟೆ ಹರಿದಿದ್ದರೆ ಸ್ಪಂಜಿನ ದೋಷ. ಚಿತ್ರದ ಮೇಲೆ ಚಿತ್ರ ಏರಿದ್ದರೆ ರೀಲು ಸರಿಸುವ ಗೇರಿನದು.

ಜೊತೆಗೆ ಕೊಟ್ಟ ಚರ್ಮದ ಚೀಲದಲ್ಲಿ ಕ್ಯಾಮೆರಾ ಇಡಬೇಡಿ, ಅದು ತೇವ ಹಿಡಿದಿಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮಳೆಗಾಲದಲ್ಲಿ ಹರಳಿನ ಬಣ್ಣ ಬದಲಾದಾಗಲೆಲ್ಲ ಬಿಸಿಮಾಡಿ ಒಣಗಿಸಿ.